ಗಗನಸಖಿಯರ ಗಡಿಯಾರದ ಭಾಷೆ

ವಿಮಾನದ ಬಾಗಿಲು ಮುಚ್ಚಿದ ಕೂಡಲೇ ಧ್ವನಿವರ್ಧಕದಲ್ಲಿ ಒಂದು ಮಾತು ಕೇಳಿಸುತ್ತದೆ: “ಕ್ಯಾಬಿನ್ ಕ್ರೂ, ಆರ್ಮ್ ಡೋರ್ಸ್ ಅಂಡ್ ಕ್ರಾಸ್‌ಚೆಕ್.” ಆ ಹೊತ್ತಿಗೆ ತಾತ ಬೆಲ್ಟಿನ ಇನ್ನೊಂದು ತುದಿಯನ್ನು ಹುಡುಕುತ್ತಿರುತ್ತಾರೆ. ಮೊಮ್ಮಕ್ಕಳು ಕಿಟಕಿ ಸೀಟಿಗೆ ಜಗಳವಾಡುತ್ತಿರುತ್ತಾರೆ. ಅಜ್ಜಿ ಕೈಚೀಲದಲ್ಲಿ ಲವಂಗದ ಡಬ್ಬಿ ಇದೆಯೋ ಇಲ್ಲವೋ ಎಂದು ತಡಕುತ್ತಿರುತ್ತಾರೆ. ಅದು ವಿಮಾನದವರ ಒಳಮಾತು, ನಮಗೇಕೆ ಎಂದು ಎಲ್ಲರೂ ಸುಮ್ಮನಾಗುತ್ತೇವೆ.

ಮಕ್ಕಳೇ, ಆ ಮಾತನ್ನು ನಮಗೆ ಹೇಳಿದ್ದಲ್ಲ ಎಂಬುದು ನಿಜ. ಆದರೆ ನಮಗಾಗಿಯೇ ಹೇಳಿದ್ದು. ವಿಮಾನದ ಪ್ರತಿ ದೊಡ್ಡ ಬಾಗಿಲಿನ ಕೆಳಭಾಗದಲ್ಲಿ ಒಂದು ಜಾರುಬಂಡಿ ಮಡಿಸಿ ಇಟ್ಟಿರುತ್ತಾರೆ. ಬಾಗಿಲಿನ ಹಿಡಿಯನ್ನು ‘ಆರ್ಮ್’ ಸ್ಥಿತಿಗೆ ತಂದರೆ ಆ ಜಾರುಬಂಡಿ ಎಚ್ಚರವಾಗಿ ಕೂತ ಹಾಗೆ. ಆಮೇಲೆ ತುರ್ತು ಸಮಯದಲ್ಲಿ ಬಾಗಿಲು ತೆರೆದರೆ ಸಾಕು, ಕೆಲವೇ ಸೆಕೆಂಡುಗಳಲ್ಲಿ ಅದು ತಾನೇ ಗಾಳಿ ತುಂಬಿಕೊಂಡು ನೆಲಕ್ಕೆ ಇಳಿಯುತ್ತದೆ. ಊರು ತಲುಪಿದ ಮೇಲೆ ಮತ್ತೆ ‘ಡಿಸ್ಆರ್ಮ್’ ಮಾಡಬೇಕು. ಮರೆತು ಬಾಗಿಲು ತೆರೆದರೆ ಜಾರುಬಂಡಿ ಸಿಡಿದು ಹೊರಬಂದು, ಹೊರಗೆ ನಿಂತ ಕೆಲಸದವರಿಗೆ ಪೆಟ್ಟಾಗಬಹುದು. ವಿಮಾನವೂ ಅಲ್ಲೇ ನಿಲ್ಲಬೇಕಾಗುತ್ತದೆ.

ಇನ್ನು ‘ಕ್ರಾಸ್‌ಚೆಕ್’. ಎಡಬಾಗಿಲಿನವಳು ಬಲಬಾಗಿಲನ್ನು ನೋಡುತ್ತಾಳೆ, ಬಲಬಾಗಿಲಿನವಳು ಎಡಬಾಗಿಲನ್ನು ನೋಡುತ್ತಾಳೆ. “ನಾನು ಮಾಡಿದ್ದೇನೆ” ಎಂದರೆ ಸಾಲದು, ಇನ್ನೊಬ್ಬರು ಕಣ್ಣಾರೆ ನೋಡಬೇಕು. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದ ನನಗೆ ಈ ಪದ ಕೇಳಿದಾಗ ನಮ್ಮ ಭದ್ರಕೋಣೆ ನೆನಪಾಗುತ್ತದೆ. ಅದಕ್ಕೆ ಎರಡು ಬೀಗದ ಕೈ, ಒಂದು ಕ್ಯಾಷಿಯರ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಯಾರ ಮೇಲೂ ಅಪನಂಬಿಕೆಯಿಂದ ಹಾಗೆ ಮಾಡಿದ್ದಲ್ಲ. ಮನುಷ್ಯ ದಣಿಯುತ್ತಾನೆ, ದಣಿದವನ ಕಣ್ಣು ತಪ್ಪುತ್ತದೆ. ಅದಕ್ಕೇ ಎರಡು ಜೊತೆ ಕಣ್ಣು.

ನಮ್ಮ ಬಂಧುಗಳಲ್ಲಿ ಒಬ್ಬ ಹುಡುಗಿ ಈ ಕೆಲಸದಲ್ಲಿದ್ದಾಳೆ. ಅವಳು ಫೋನಿನಲ್ಲಿ ಆಡುವ ಮಾತನ್ನು ಕೇಳಿದರೆ ಅರ್ಧ ಇಂಗ್ಲಿಷು, ಇನ್ನರ್ಧ ಒಗಟು. “ನಾಳೆ ಟರ್ನ್ಅರೌಂಡ್, ನಾಡಿದ್ದು ಸ್ಟ್ಯಾಂಡ್‌ಬೈ, ಆಮೇಲೆ ಡೆಡ್‌ಹೆಡ್” ಎಂದರೆ ಅವಳ ಅಜ್ಜಿ ಗಾಬರಿಯಾಗುವುದು ಸಹಜ. ಅವಳನ್ನು ಕೇಳುತ್ತಾ, ಪುಸ್ತಕಗಳಲ್ಲಿ ನೋಡುತ್ತಾ ನಾನು ಈ ಪದಗಳ ಒಂದು ಪಟ್ಟಿಯನ್ನೇ ಮಾಡಿದ್ದೇನೆ. ಪಟ್ಟಿ ಬೆಳೆದಂತೆ ಒಂದು ವಿಷಯ ಸ್ಪಷ್ಟವಾಯಿತು. ಇವು ಡೌಲಿಗಾಗಿ ಹುಟ್ಟಿದ ಪದಗಳಲ್ಲ. ಕೆಲವು ಪದ ಪ್ರಯಾಣಿಕರ ಪ್ರಾಣ ಕಾಯುತ್ತವೆ, ಕೆಲವು ಪದ ಕೆಲಸ ಮಾಡುವವರ ನಿದ್ದೆ ಕಾಯುತ್ತವೆ. ಆ ನಿದ್ದೆಗೂ ನಮ್ಮ ಪ್ರಾಣಕ್ಕೂ ನೇರ ಸಂಬಂಧವಿದೆ.

ಹಡಗಿನಿಂದ ಹಾರಿ ಬಂದ ಪದಗಳು

ವಿಮಾನ ಹುಟ್ಟುವ ಮೊದಲು ದೂರಪ್ರಯಾಣವೆಂದರೆ ಹಡಗು. ಆಕಾಶಕ್ಕೆ ಹಾರಿದಾಗ ಮನುಷ್ಯ ಹಡಗಿನ ಪದಗಳನ್ನೇ ಹೊತ್ತುಕೊಂಡು ಹೋದ. ಕ್ಯಾಪ್ಟನ್, ಕ್ರೂ, ಕ್ಯಾಬಿನ್, ಡೆಕ್ ಎಲ್ಲವೂ ಸಮುದ್ರದ ಮಾತುಗಳು. ವಿಮಾನದ ಅಡುಗೆಮೂಲೆಗೆ ‘ಗ್ಯಾಲಿ’ ಎನ್ನುತ್ತಾರೆ, ಅದು ಹಡಗಿನ ಅಡುಗೆಮನೆಯ ಹೆಸರು. ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥರಿಗೆ ಅನೇಕ ಕಂಪನಿಗಳಲ್ಲಿ ‘ಪರ್ಸರ್’ ಎಂಬ ಪದವಿ ಇದೆ. ಹಡಗಿನಲ್ಲಿ ಪರ್ಸು ಹಿಡಿದವನು, ಅಂದರೆ ಹಣ ಮತ್ತು ಲೆಕ್ಕ ನೋಡುವವನು ಪರ್ಸರ್. ನಮ್ಮ ಕ್ಯಾಷಿಯರ ಅಣ್ಣನೇ ಸರಿ!

ಈ ಕೆಲಸವನ್ನು ಮೊದಲು ಮಾಡಿದವರು ಗಂಡಸರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಜರ್ಮನಿಯ ಹೈನ್ರಿಖ್ ಕುಬಿಸ್ ಎಂಬವರು 1912ರಲ್ಲಿ ‘ಶ್ವಾಬೆನ್’ ಎಂಬ ವಾಯುನೌಕೆಯಲ್ಲಿ ಪ್ರಯಾಣಿಕರ ಸೇವೆಗೆ ನಿಂತರು. ಜಗತ್ತಿನ ಮೊದಲ ವಿಮಾನ ಪರಿಚಾರಕ ಎಂಬ ಹೆಸರು ಅವರದು. 1937ರಲ್ಲಿ ‘ಹಿಂಡೆನ್‌ಬರ್ಗ್’ ವಾಯುನೌಕೆ ಅಮೆರಿಕದಲ್ಲಿ ಇಳಿಯುವಾಗ ಬೆಂಕಿಗೆ ಆಹುತಿಯಾಯಿತಲ್ಲ, ಅದರಲ್ಲೂ ಅವರೇ ಮುಖ್ಯ ಪರಿಚಾರಕರು. ಕಿಟಕಿಯಿಂದ ಹಾರುವಂತೆ ಪ್ರಯಾಣಿಕರನ್ನು ಹುರಿದುಂಬಿಸಿ, ತಾವೂ ಹಾರಿ ಬದುಕಿಕೊಂಡರು.

ಮಹಿಳೆಯರಲ್ಲಿ ಮೊದಲಿಗರು ಅಮೆರಿಕದ ಎಲೆನ್ ಚರ್ಚ್. ಅವರು ತರಬೇತಿ ಪಡೆದ ನರ್ಸ್, ವಿಮಾನ ಹಾರಿಸಲೂ ಬಲ್ಲವರು. ಪೈಲಟ್ ಕೆಲಸ ಸಿಗಲಿಲ್ಲ. ವಿಮಾನದಲ್ಲಿ ನರ್ಸುಗಳಿದ್ದರೆ ಜನರಿಗೆ ಧೈರ್ಯ ಬರುತ್ತದೆ ಎಂದು ಅವರೇ ಕಂಪನಿಗೆ ಸೂಚಿಸಿದರು. 1930ರ ಮೇ 15ರಂದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಓಕ್‌ಲ್ಯಾಂಡಿನಿಂದ ಶಿಕಾಗೋಗೆ ಹೊರಟ ವಿಮಾನದಲ್ಲಿ ಅವರು ಕೆಲಸ ಆರಂಭಿಸಿದರು. ಪ್ರಯಾಣಿಕರು 14 ಮಂದಿ, ನಡುವೆ 13 ನಿಲುಗಡೆ, ಒಟ್ಟು 20 ಗಂಟೆ! ನಮ್ಮ ಹಳೆಯ ಪ್ಯಾಸೆಂಜರ್ ರೈಲಿನಂತೆ ನಿಂತು ನಿಂತು ಹೋಗುತ್ತಿತ್ತು.

ರೋಸ್ಟರ್ ಎಂಬ ಪಂಚಾಂಗ

ನಮ್ಮ ಮನೆಗಳಲ್ಲಿ ಗೋಡೆಗೆ ಪಂಚಾಂಗ ತೂಗುಹಾಕಿರುತ್ತೇವೆ. ಗಗನಸಖಿಯರ ಪಂಚಾಂಗವೇ ‘ರೋಸ್ಟರ್’. ಯಾವ ದಿನ, ಯಾವ ವಿಮಾನ, ಎಷ್ಟು ಹೊತ್ತಿಗೆ ಹಾಜರಿ, ಯಾವ ಊರಿನಲ್ಲಿ ರಾತ್ರಿ, ಎಲ್ಲವೂ ಅದರಲ್ಲಿ. ಹಬ್ಬ, ಮದುವೆ, ತಂಗಿಯ ಪರೀಕ್ಷೆ ಯಾವುದೂ ಅದರಲ್ಲಿ ಇರುವುದಿಲ್ಲ. ಅದನ್ನು ಓದಲು ಬೇಕಾದ ಕೆಲವು ಪದಗಳನ್ನು ಒಂದೊಂದಾಗಿ ನೋಡೋಣ.

‘ಬೇಸ್’ ಅಂದರೆ ಅವಳ ಕೆಲಸದ ತವರೂರು. ಬೆಂಗಳೂರು ಬೇಸ್ ಎಂದರೆ ಅವಳ ಕೆಲಸ ಬೆಂಗಳೂರಿನಿಂದ ಶುರುವಾಗಿ ಬೆಂಗಳೂರಿಗೇ ಬಂದು ಮುಗಿಯಬೇಕು.

‘ಪೇರಿಂಗ್’ ಅಂದರೆ ಹಾಗೆ ಬೇಸಿನಿಂದ ಹೊರಟು ಬೇಸಿಗೆ ಮರಳುವವರೆಗಿನ ವಿಮಾನಗಳ ಸರಪಳಿ. ಉದಾಹರಣೆಗೆ ಮೊದಲ ದಿನ ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಗುವಾಹಟಿ. ಮರುದಿನ ಗುವಾಹಟಿಯಿಂದ ಕೋಲ್ಕತ್ತ, ಅಲ್ಲಿಂದ ಬೆಂಗಳೂರು. ನಾಲ್ಕು ವಿಮಾನವಾದರೂ ಪೇರಿಂಗ್ ಒಂದೇ.

‘ಲೇಓವರ್’ ಅಂದರೆ ನಡುವೆ ಹೊರ ಊರಿನಲ್ಲಿ ತಂಗುವುದು. ಮೇಲಿನ ಉದಾಹರಣೆಯಲ್ಲಿ ಗುವಾಹಟಿಯ ರಾತ್ರಿ. “ಎಷ್ಟು ಊರು ನೋಡುತ್ತೀಯಮ್ಮ, ಪುಣ್ಯವಂತೆ” ಎಂದು ನಾವು ಹೇಳುತ್ತೇವೆ. ಎಷ್ಟೋ ಸಲ ಅವರು ನೋಡುವುದು ಹೋಟೆಲಿನ ದಿಂಬನ್ನು ಮಾತ್ರ.

‘ಟರ್ನ್ಅರೌಂಡ್’ ಅಂದರೆ ಹೋದ ಹಾಗೆ ಬಂದುಬಿಡುವುದು. ಬೆಂಗಳೂರಿನಿಂದ ಗೋವಾಕ್ಕೆ ಹೋಗಿ, ವಿಮಾನದಿಂದ ಇಳಿಯದೆ, ಹೊಸ ಪ್ರಯಾಣಿಕರೊಡನೆ ಹಿಂದಿರುಗುವುದು. “ನಿನ್ನೆ ಗೋವಾಕ್ಕೆ ಹೋಗಿದ್ದೆ” ಎಂದರೆ ಸಮುದ್ರ ನೋಡಿದಳು ಎಂದು ಅರ್ಥವಲ್ಲ!

‘ಸ್ಟ್ಯಾಂಡ್‌ಬೈ’ ಎಂಬುದು ಮನೆಯವರ ತಾಳ್ಮೆ ಪರೀಕ್ಷಿಸುವ ಪದ. ವಿಮಾನ ಹಂಚಿಕೆಯಾಗಿಲ್ಲ, ಆದರೆ ಫೋನ್ ಬಂದರೆ ಗೊತ್ತಾದ ಸಮಯದೊಳಗೆ ಹೊರಡಲೇಬೇಕು. ಯಾರಿಗೋ ಜ್ವರ ಬಂತು, ಯಾವುದೋ ವಿಮಾನ ತಡವಾಯಿತು ಎಂದರೆ ಸ್ಟ್ಯಾಂಡ್‌ಬೈ ಇದ್ದವರಿಗೆ ಕರೆ. ಮನೆಯಲ್ಲೇ ಕಾಯುವುದು ಒಂದು ಬಗೆ, ಸಮವಸ್ತ್ರ ತೊಟ್ಟು ವಿಮಾನ ನಿಲ್ದಾಣದಲ್ಲೇ ಕಾಯುವುದು ಇನ್ನೊಂದು ಬಗೆ. ಒಬ್ಬಟ್ಟು ಬಾಣಲೆಯಲ್ಲಿರುವಾಗ ಫೋನ್ ಬಂದು, ತಟ್ಟೆ ಹಾಗೇ ಉಳಿದ ಹಬ್ಬಗಳು ಆ ಹುಡುಗಿಯ ಮನೆಯಲ್ಲಿ ಬೇಕಾದಷ್ಟಿವೆ.

‘ಡೆಡ್‌ಹೆಡ್’ ಎಂಬ ಪದಕ್ಕೆ ಅಜ್ಜಿಯಂದಿರು ಹೆದರಬಾರದು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ನಾಟಕಶಾಲೆಗಳಲ್ಲಿ, ರೈಲುಗಳಲ್ಲಿ ಪುಕ್ಕಟೆ ಟಿಕೆಟಿನವರಿಗೆ ಹೀಗೆನ್ನುತ್ತಿದ್ದರು. ಈಗ ಸಿಬ್ಬಂದಿ ಇನ್ನೊಂದು ಊರಿನ ವಿಮಾನದಲ್ಲಿ ಕೆಲಸ ಮಾಡಲು ಪ್ರಯಾಣಿಕರ ಸೀಟಿನಲ್ಲಿ ಕೂತು ಹೋಗುವುದಕ್ಕೆ ಈ ಹೆಸರು. ಸಮವಸ್ತ್ರದಲ್ಲಿರುವ ಗಗನಸಖಿ ನಿಮ್ಮ ಪಕ್ಕದ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿದ್ದರೆ ನೀರು ಕೇಳಬೇಡಿ. ಆ ವಿಮಾನದಲ್ಲಿ ಅವಳ ಸರದಿಯಲ್ಲ. ಅವಳ ಸರದಿ ಮುಂದಿನ ಊರಿನಲ್ಲಿದೆ.

‘ರೆಡ್‌ಐ’ ಅಂದರೆ ರಾತ್ರಿಯೆಲ್ಲ ಹಾರಿ ಬೆಳಗ್ಗೆ ಇಳಿಯುವ ವಿಮಾನ. ಇಳಿಯುವ ಹೊತ್ತಿಗೆ ಕಣ್ಣು ಕೆಂಪಗಾಗಿರುತ್ತದೆ, ಅದಕ್ಕೆ ಆ ಹೆಸರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಝೂಲು ಗಂಟೆ ಮತ್ತು ಚಕ್ರದ ಕಲ್ಲು

ಬೆಂಗಳೂರಿನಲ್ಲಿ ಬೆಳಗಾದಾಗ ಅಮೆರಿಕದಲ್ಲಿ ಹಿಂದಿನ ಸಂಜೆ. ಹೀಗಿರುವಾಗ “ಆರು ಗಂಟೆಗೆ ಬನ್ನಿ” ಎಂದರೆ ಯಾರ ಆರು ಗಂಟೆ? ಈ ಗೊಂದಲ ಬೇಡವೆಂದು ವಿಮಾನ ಜಗತ್ತು ಒಂದೇ ಗಡಿಯಾರವನ್ನು ಒಪ್ಪಿಕೊಂಡಿದೆ. ಅದು ಇಂಗ್ಲೆಂಡಿನ ಗ್ರೀನಿಚ್ ಮೂಲಕ ಹಾದುಹೋಗುವ ಸೊನ್ನೆ ರೇಖೆಯ ಸಮಯ. ಸಮಯದ ವಲಯಗಳಿಗೆ ಅಕ್ಷರ ಕೊಟ್ಟಾಗ ಸೊನ್ನೆಗೆ ‘ಝಡ್’ ಬಂತು. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳಿಸದಿರಲಿ ಎಂದು ಪ್ರತಿ ಅಕ್ಷರಕ್ಕೂ ಒಂದು ಪದ ಇದೆ: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ, ಹೀಗೆ. ಆ ಸಾಲಿನ ಕೊನೆಯ ಪದ ಝೂಲು. ಅದಕ್ಕೇ ‘ಝೂಲು ಟೈಮ್’. ಟ್ರಂಕ್ ಕಾಲ್ ಕಾಲದಲ್ಲಿ ನಾವೂ ಬ್ಯಾಂಕಿನಿಂದ “ಎಂ ಫಾರ್ ಮದ್ರಾಸ್, ಬಿ ಫಾರ್ ಬಾಂಬೆ” ಎಂದು ಕಿರುಚುತ್ತಿದ್ದೆವು. ಎರಡೂ ಒಂದೇ ಜಾತಿಯ ಉಪಾಯ.

ಮಕ್ಕಳಿಗೊಂದು ಸುಲಭ ಲೆಕ್ಕ. ನಮ್ಮ ಭಾರತದ ಗಡಿಯಾರ ಝೂಲುವಿಗಿಂತ ಐದೂವರೆ ಗಂಟೆ ಮುಂದೆ. ಝೂಲು 00.30 ಆದಾಗ ನಮ್ಮಲ್ಲಿ ಬೆಳಗ್ಗೆ 6. ಹಾಗಾದರೆ ಝೂಲು 18.30 ಆದಾಗ ನಮ್ಮಲ್ಲಿ ಎಷ್ಟು? ಸರಿಯಾಗಿ ನಡುರಾತ್ರಿ, ತಾರೀಖು ಕೂಡ ಬದಲಾಗುವ ಹೊತ್ತು.

ಹಿರಿಯರಿಗೂ ಇಲ್ಲಿ ಒಂದು ಪಾಠವಿದೆ. ಟಿಕೆಟಿನಲ್ಲಿ “5ನೇ ತಾರೀಖು 00.30” ಎಂದಿದ್ದರೆ 4ನೇ ತಾರೀಖಿನ ರಾತ್ರಿ ಊಟ ಮುಗಿಸಿ ಹೊರಡಬೇಕು. 5ನೇ ತಾರೀಖಿನ ರಾತ್ರಿ ಪೆಟ್ಟಿಗೆ ಹಿಡಿದು ಹೋದರೆ ವಿಮಾನ ಹಾರಿ ಒಂದು ದಿನ ಕಳೆದಿರುತ್ತದೆ.

ಈಗ ಸಂಬಳದ ಮಾತಿಗೆ ಬರೋಣ. ಲೆಕ್ಕದವನಾದ ನನಗೆ ಇದರಲ್ಲೇ ಕುತೂಹಲ. ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದಾಗ ಕ್ಲೀನರ್ ಹುಡುಗ ಓಡಿಬಂದು ಚಕ್ರಕ್ಕೆ ಕಲ್ಲು ಕೊಡುವುದನ್ನು ನೋಡಿದ್ದೀರಲ್ಲ? ನಿಂತ ವಿಮಾನದ ಚಕ್ರಕ್ಕೂ ಹಾಗೇ ದಿಮ್ಮಿ ಇಡುತ್ತಾರೆ. ಆ ದಿಮ್ಮಿ ತೆಗೆದು ವಿಮಾನ ಹೊರಟಾಗಿನಿಂದ, ಮುಂದಿನ ಊರಿನಲ್ಲಿ ನಿಂತು ಮತ್ತೆ ದಿಮ್ಮಿ ಇಡುವವರೆಗಿನ ಸಮಯಕ್ಕೆ ‘ಬ್ಲಾಕ್ ಟೈಮ್’ ಎಂದು ಹೆಸರು. ಇದರೊಳಗೆ ನಾಲ್ಕು ಗಳಿಗೆಗಳನ್ನು ಬರೆದಿಡುತ್ತಾರೆ: ಔಟ್, ಆಫ್, ಆನ್, ಇನ್. ಔಟ್ ಎಂದರೆ ನಿಂತ ಜಾಗ ಬಿಟ್ಟಿದ್ದು, ಆಫ್ ಎಂದರೆ ನೆಲ ಬಿಟ್ಟಿದ್ದು, ಆನ್ ಎಂದರೆ ನೆಲ ಮುಟ್ಟಿದ್ದು, ಇನ್ ಎಂದರೆ ಮತ್ತೆ ನಿಲ್ಲುವ ಜಾಗ ಸೇರಿದ್ದು.

ಜಗತ್ತಿನ ಅನೇಕ ಕಂಪನಿಗಳಲ್ಲಿ ಗಗನಸಖಿಯರ ಸಂಬಳದ ಮುಖ್ಯ ಭಾಗ ಈ ಹಾರಾಟದ ಗಂಟೆಗಳ ಮೇಲೆ ನಿಂತಿದೆ. ಹಾಗಾದರೆ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಿದ್ದು, ನಮ್ಮ ಭಾರದ ಚೀಲ ಮೇಲಿಡಲು ನೆರವಾಗಿದ್ದು, ಅಳುವ ಮಗುವಿಗೆ ಸಮಾಧಾನ ಹೇಳಿದ್ದು? ಚಕ್ರ ಇನ್ನೂ ಉರುಳಿಲ್ಲವಲ್ಲ! ಅಮೆರಿಕದ ಡೆಲ್ಟಾ ಕಂಪನಿ 2022ರಲ್ಲಿ ಪ್ರಯಾಣಿಕರು ಹತ್ತುವ ಹೊತ್ತಿಗೂ ಅರ್ಧ ದರದಲ್ಲಿ ಸಂಬಳ ಕೊಡಲು ಶುರುಮಾಡಿದಾಗ ಅದು ದೊಡ್ಡ ಸುದ್ದಿಯಾಯಿತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು ಹತ್ತು ಸಾವಿರ ಪರಿಚಾರಕರು ಮುಷ್ಕರ ಹೂಡಿದರು. ನೆಲದ ಮೇಲೆ ಮಾಡುವ ಕೆಲಸಕ್ಕೂ ಕೂಲಿ ಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೂ ಲೆಕ್ಕ ತಾಳೆಯಾಗುವವರೆಗೆ ಕೂತವನಿಗೆ ಆ ಬೇಡಿಕೆ ಅರ್ಥವಾಗುತ್ತದೆ. ಒಂದು ಪದದ ಅರ್ಥ ಎಲ್ಲಿಂದ ಶುರು, ಎಲ್ಲಿಗೆ ಕೊನೆ ಎಂಬುದರ ಮೇಲೆ ಸಾವಿರಾರು ಮನೆಗಳ ಅಕ್ಕಿಬೇಳೆ ನಿಂತಿದೆ.

ನಿದ್ದೆಗೊಂದು ಕಾನೂನು

“ಐ ಆ್ಯಮ್ ಇಲ್ಲೀಗಲ್” ಎಂದು ಅಮೆರಿಕದ ಗಗನಸಖಿ ಹೇಳಿದರೆ ಪೊಲೀಸರನ್ನು ಕರೆಯಬೇಕಿಲ್ಲ. “ನನಗೆ ಸಿಗಬೇಕಾದ ವಿಶ್ರಾಂತಿ ಸಿಕ್ಕಿಲ್ಲ, ಅಥವಾ ನನ್ನ ದುಡಿಮೆಯ ಮಿತಿ ಮುಗಿದಿದೆ, ಇನ್ನು ನಾನು ಹಾರುವುದು ಕಾನೂನಿಗೆ ವಿರುದ್ಧ” ಎಂದು ಅದರ ಅರ್ಥ. ಎಷ್ಟು ಗಂಟೆ ದುಡಿಯಬಹುದು, ಎಷ್ಟು ಗಂಟೆ ವಿಶ್ರಾಂತಿ ಕೊಡಲೇಬೇಕು ಎಂಬುದನ್ನು ಪ್ರತಿ ದೇಶದ ಸರ್ಕಾರವೂ ಗೊತ್ತುಮಾಡುತ್ತದೆ. ಅಮೆರಿಕದಲ್ಲಿ ಗಗನಸಖಿಯರಿಗೆ ಎರಡು ಸರದಿಗಳ ನಡುವೆ ಒಂಬತ್ತು ಗಂಟೆಯಿದ್ದ ವಿಶ್ರಾಂತಿಯನ್ನು 2022ರಲ್ಲಿ ಹತ್ತು ಗಂಟೆಗೆ ಏರಿಸಿದರು. ನಮ್ಮಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪ್ರಕಟಿಸಿದ ಹೊಸ ನಿಯಮಗಳಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಹೆಚ್ಚಿಸಿತು.

ಒಂದು ಗಂಟೆ ನಿದ್ದೆಗೆ ಇಷ್ಟೊಂದು ಗಲಾಟೆಯೇ ಎಂದು ಕೇಳಬೇಡಿ. ಇಲ್ಲಿ ನಿಮಗೆ ಇನ್ನೊಂದು ಪದ ಹೇಳಬೇಕು: ‘ವೋಕಲ್’. ಇದು ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು. ನಮ್ಮ ಮೈಯೊಳಗಿನ ಗಡಿಯಾರ ತೀರ ಮಂದವಾಗಿ ನಡೆಯುವ ಹೊತ್ತು, ಅಂದರೆ ರಾತ್ರಿ ಎರಡರಿಂದ ಬೆಳಗಿನ ಆರು ಗಂಟೆಯವರೆಗಿನ ಅವಧಿ ಎಂದು ಅದರ ಅರ್ಥ. ಆ ಹೊತ್ತಿನಲ್ಲಿ ಎಚ್ಚರವಾಗಿರುವವನಿಗೂ ಬುದ್ಧಿ ಪೂರ್ತಿ ಎಚ್ಚರವಿರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಗಂಟೆಗೆ ಓದಿದ್ದು ಬೆಳಗ್ಗೆ ನೆನಪಿಗೆ ಬಾರದಿದ್ದರೆ ಕಾರಣ ಇದೇ ಇರಬಹುದು.

ಈ ಪದದ ಭಾರ ನಮ್ಮ ಕರ್ನಾಟಕಕ್ಕೆ ಗೊತ್ತಿದೆ. 2010ರ ಮೇ 22ರ ಬೆಳಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಟ್ಟು 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಮಾತ್ರ ಬದುಕಿ ಬಂದರು. ಸರಿಯಾಗಿ ಹೊಂದಿಕೊಳ್ಳದ ಇಳಿಯುವಿಕೆಯನ್ನು ಕೈಬಿಟ್ಟು ವಿಮಾನವನ್ನು ಮತ್ತೆ ಮೇಲೆತ್ತದೇ ಹೋದದ್ದು ನೇರ ಕಾರಣ ಎಂದು ತನಿಖಾ ವರದಿ ಹೇಳಿತು. ಕ್ಯಾಪ್ಟನ್ ದಾರಿಯಲ್ಲಿ ದೀರ್ಘ ನಿದ್ದೆ ಮಾಡಿ ಎದ್ದಿದ್ದರು. ನಿದ್ದೆಯ ಮಂಪರು ತೀರ್ಮಾನ ತೆಗೆದುಕೊಳ್ಳುವ ಶಕ್ತಿಯನ್ನು ಕುಗ್ಗಿಸಿರಬಹುದು, ಬೆಳಗಿನ ಜಾವದ ಆ ಹೊತ್ತು ಅದನ್ನು ಇನ್ನಷ್ಟು ಹೆಚ್ಚಿಸಿರಬಹುದು ಎಂದೂ ಅದೇ ವರದಿ ಬರೆಯಿತು. ಅವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಆ ವಿಮಾನದ ಆರು ಮಂದಿ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಲಸ ಮಾಡುವವರ ನಿದ್ದೆಯ ಲೆಕ್ಕ ಏಕೆ ಇಷ್ಟು ಬಿಗಿಯಾಗಿರಬೇಕು ಎಂದು ಮಕ್ಕಳಿಗೆ ತಿಳಿಯಲಿ ಎಂದು ಹೇಳಿದೆ.

ದೂರದ ವಿಮಾನಗಳಲ್ಲಿ ಸಿಬ್ಬಂದಿ ಸರದಿಯ ಮೇಲೆ ಮಲಗಲು ಗುಟ್ಟಾದ ಮಲಗುಕೋಣೆಯೇ ಇರುತ್ತದೆ, ಗೊತ್ತೇ? ಬೋಯಿಂಗ್ 777ರಂಥ ವಿಮಾನಗಳಲ್ಲಿ ಕಿರಿದಾದ ಬಾಗಿಲು ತೆರೆದು ಮೆಟ್ಟಿಲು ಹತ್ತಿದರೆ ಪ್ರಯಾಣಿಕರ ತಲೆಯ ಮೇಲೆ ಸಾಲು ಹಾಸಿಗೆಗಳು. ಅದಕ್ಕೆ ‘ಬಂಕ್’ ಎನ್ನುತ್ತಾರೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಏರ್ ಇಂಡಿಯಾ ವಿಮಾನ ತಂದರಲ್ಲ, ಆ ಹಾರಾಟ ಸುಮಾರು 17 ಗಂಟೆಯದು. ಅಷ್ಟು ದೀರ್ಘ ದಾರಿಯಲ್ಲಿ ಒಬ್ಬರು ಮಲಗಿದರೆ ತಾನೇ ಇನ್ನೊಬ್ಬರು ಎಚ್ಚರವಾಗಿರಲು ಸಾಧ್ಯ?

ಮೌನವೂ ಒಂದು ಪಾಠ

ವಿಮಾನ ಮೇಲೇರುವಾಗ ಗಗನಸಖಿ ಬಾಗಿಲ ಬಳಿಯ ಮಡಿಸುವ ಸೀಟಿನಲ್ಲಿ ಕೂತಿರುತ್ತಾಳೆ. ಅದು ‘ಜಂಪ್ ಸೀಟ್’. ನೆಟ್ಟಗೆ ಕೂತು ಎತ್ತಲೋ ನೋಡುತ್ತಿರುವಂತೆ ಕಾಣುತ್ತದೆ. ಅವಳು ಆಗ ಮಾಡುತ್ತಿರುವುದಕ್ಕೆ ‘ಸೈಲೆಂಟ್ ರಿವ್ಯೂ’ ಎಂದು ಹೆಸರು, ಅಂದರೆ ಮೌನ ಪುನರಾವರ್ತನೆ. ಈಗ ಅಪಾಯವಾದರೆ ನನ್ನ ಮೊದಲ ಕೆಲಸ ಏನು? ಬಾಗಿಲ ಹಿಡಿ ಯಾವ ಕಡೆ ತಿರುಗುತ್ತದೆ? ಹೊರಗೆ ಬೆಂಕಿ ಇದ್ದರೆ ಯಾವ ಬಾಗಿಲಿಗೆ ಕಳಿಸಲಿ? ನೆರವಿಗೆ ಯಾರನ್ನು ಕರೆಯಲಿ? ಮಕ್ಕಳು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಕಣ್ಣುಮುಚ್ಚಿ ಮಗ್ಗಿ ಹೇಳಿಕೊಳ್ಳುವಂತೆ, ಪ್ರತಿ ಸಲ ಏರುವಾಗಲೂ ಪ್ರತಿ ಸಲ ಇಳಿಯುವಾಗಲೂ ಅವಳು ಇದನ್ನು ಮನಸ್ಸಿನಲ್ಲೇ ಒಪ್ಪಿಸುತ್ತಾಳೆ.

ಈ ಮಗ್ಗಿ ಕೆಲಸಕ್ಕೆ ಬಂದ ದಿನವೊಂದನ್ನು ಹೇಳುತ್ತೇನೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಕರಾವಳಿ ಪಡೆಯ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನದಲ್ಲಿ 367 ಪ್ರಯಾಣಿಕರು, 12 ಸಿಬ್ಬಂದಿ. ಧ್ವನಿವರ್ಧಕ ಕೆಟ್ಟುಹೋಗಿತ್ತು. ಗಗನಸಖಿಯರು ಮೆಗಾಫೋನ್ ಹಿಡಿದು, ಬರಿಗಂಟಲಿನಲ್ಲಿ ಕೂಗಿ ಜನರನ್ನು ನಡೆಸಿದರು. ಎಂಟು ಬಾಗಿಲುಗಳಲ್ಲಿ ಬೆಂಕಿಯಿಂದ ದೂರವಿದ್ದ ಮೂರನ್ನು ಮಾತ್ರ ಬಳಸಿದರು. ಪ್ರಯಾಣಿಕರು ಚೀಲಗಳ ಆಸೆ ಬಿಟ್ಟು ಜಾರುಬಂಡಿಯಲ್ಲಿ ಜಾರಿದರು. 379 ಮಂದಿಯೂ ಜೀವಂತವಾಗಿ ಹೊರಬಂದರು. ‘ಆರ್ಮ್’ ಎಂಬ ಪುಟ್ಟ ಪದಕ್ಕೆ ಅಂದು ಅಷ್ಟು ಬೆಲೆ.

ಪರ್ಸರ್ ಎಂಬ ಪದ ಬಂದಾಗ ನಮ್ಮ ನೀರಜಾ ಭನೋಟ್ ಅವರನ್ನು ನೆನೆಯದಿರುವುದು ಹೇಗೆ? 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಪ್ಯಾನ್ ಆ್ಯಮ್ ವಿಮಾನಕ್ಕೆ ಬಂದೂಕುಧಾರಿಗಳು ನುಗ್ಗಿದಾಗ ಅವರು ಅದರ ಸೀನಿಯರ್ ಪರ್ಸರ್. ಅವರು ಕೂಡಲೇ ಕಾಕ್‌ಪಿಟ್‌ಗೆ ಸುದ್ದಿ ಮುಟ್ಟಿಸಿದ್ದರಿಂದ ಪೈಲಟ್‌ಗಳು ಮೇಲಿನ ಕಿಂಡಿಯಿಂದ ಇಳಿದುಹೋದರು. ವಿಮಾನ ಹಾರಿಸುವವರಿಲ್ಲದೆ ಅಪಹರಣಕಾರರು ನೆಲದಲ್ಲೇ ಉಳಿಯಬೇಕಾಯಿತು. ಹದಿನೇಳು ಗಂಟೆಗಳ ನಂತರ ಗುಂಡಿನ ಸುರಿಮಳೆಯಾದಾಗ ಅವರು ಬಾಗಿಲು ತೆರೆದು ಪ್ರಯಾಣಿಕರನ್ನು ಹೊರಗೆ ಕಳಿಸುತ್ತಾ ಪ್ರಾಣ ಬಿಟ್ಟರು. ಇನ್ನೆರಡು ದಿನಕ್ಕೆ ಅವರಿಗೆ 23 ವರ್ಷ ತುಂಬುತ್ತಿತ್ತು. ದೇಶ ಅವರಿಗೆ ಅಶೋಕ ಚಕ್ರ ನೀಡಿ ಗೌರವಿಸಿತು.

ತಾತ, ಅಜ್ಜಿ, ಮೊಮ್ಮಕ್ಕಳಿಗೆ ಬೇಕಾದ ಪದಗಳು

ಈ ನಿಘಂಟಿನಲ್ಲಿ ನಮ್ಮ ಹೆಸರಿನ ಮುಂದೆ ಬೀಳುವ ಪದಗಳೂ ಇವೆ. ಅವನ್ನು ತಿಳಿದಿದ್ದರೆ ನಮಗೇ ಲಾಭ.

ಒಬ್ಬಂಟಿಯಾಗಿ ಪ್ರಯಾಣ ಮಾಡುವ ಮಗುವಿಗೆ ‘ಯುಎಂ’ ಎನ್ನುತ್ತಾರೆ. ಅನೇಕ ಕಂಪನಿಗಳಲ್ಲಿ ಸುಮಾರು 5ರಿಂದ 12 ವರ್ಷದವರಿಗೆ ಈ ಸೌಲಭ್ಯವಿದೆ. ಮನೆಯವರು ಸಹಿ ಮಾಡಿ ಮಗುವನ್ನು ಒಪ್ಪಿಸುತ್ತಾರೆ. ನೆಲದ ಸಿಬ್ಬಂದಿ ಗಗನಸಖಿಗೆ, ಗಗನಸಖಿ ಮತ್ತೆ ಆ ಊರಿನ ಸಿಬ್ಬಂದಿಗೆ ಒಪ್ಪಿಸುತ್ತಾಳೆ. ಕೊನೆಗೆ ಚೀಟಿಯಲ್ಲಿ ಹೆಸರಿರುವ ಬಂಧು ಗುರುತಿನ ಚೀಟಿ ತೋರಿಸಿದರೆ ಮಾತ್ರ ಮಗು ಅವರ ಕೈಗೆ. ರಿಜಿಸ್ಟರ್ಡ್ ಅಂಚೆಯಷ್ಟೇ ಭದ್ರ!

ಗಾಲಿಕುರ್ಚಿಗೆ ಮೂರು ಬಗೆಯ ಗುರುತುಗಳಿವೆ. ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲಾರೆ ಎನ್ನುವವರಿಗೆ ಕೊನೆಯ ಅಕ್ಷರ ‘ಆರ್’. ಮೆಟ್ಟಿಲನ್ನೂ ಹತ್ತಲಾರೆ, ಆದರೆ ಒಳಗೆ ಸೀಟಿನವರೆಗೆ ನಡೆಯಬಲ್ಲೆ ಎನ್ನುವವರಿಗೆ ‘ಎಸ್’. ಸೀಟಿನವರೆಗೂ ಕರೆದೊಯ್ಯಬೇಕು ಎನ್ನುವವರಿಗೆ ‘ಸಿ’. ಟಿಕೆಟ್ ಮಾಡಿಸುವಾಗ ಮಗನಿಗೆ “ಗಾಲಿಕುರ್ಚಿ ಹಾಕಪ್ಪ” ಎಂದಷ್ಟೇ ಹೇಳಬೇಡಿ. ಮಂಡಿ ಎಷ್ಟರಮಟ್ಟಿಗೆ ಮಾತು ಕೇಳುತ್ತದೆ ಎಂಬುದನ್ನೂ ಬಿಡಿಸಿ ಹೇಳಿ. ಇಲ್ಲದಿದ್ದರೆ ಕುರ್ಚಿ ಬಂದರೂ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತದೆ.

ವಿದೇಶ ಪ್ರಯಾಣದ ಊಟಕ್ಕೂ ಸಂಕೇತಗಳಿವೆ. ಇದನ್ನು ಅಜ್ಜಿಯಂದಿರು ಗುರುತು ಹಾಕಿಕೊಳ್ಳಬೇಕು. ‘ಹಿಂದೂ ಮೀಲ್’ ಎಂದು ಬರೆಸಿದರೆ ಸಸ್ಯಾಹಾರ ಬರುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದರಲ್ಲಿ ಗೋಮಾಂಸ ಇರುವುದಿಲ್ಲ, ಕೋಳಿಯೋ ಮೀನೋ ಇರುತ್ತದೆ. ನಮ್ಮ ಕಡೆಯ ಸಸ್ಯಾಹಾರ ಬೇಕಾದರೆ ‘ಏಷ್ಯನ್ ವೆಜಿಟೇರಿಯನ್’ ಎನ್ನಬೇಕು. ಜೈನರಿಗೆ, ಸಕ್ಕರೆ ಕಾಯಿಲೆಯವರಿಗೆ, ಮಕ್ಕಳಿಗೆ ಬೇರೆ ಬೇರೆ ಸಂಕೇತಗಳಿವೆ. ಟಿಕೆಟ್ ಮಾಡಿಸುವಾಗಲೇ ಹೇಳುವುದು ಒಳ್ಳೆಯದು. ಆಕಾಶದಲ್ಲಿ ಹೇಳಿದರೆ ಗಗನಸಖಿ ಪಾಪ, ಎಲ್ಲಿಂದ ತಂದಾಳು?

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವಿಮಾನದಲ್ಲಿ ಮಾತು ಬಲ್ಲವನಿಗೆ ಊಟವೂ ಸರಿಯಾಗಿ ಸಿಗುತ್ತದೆ.

ಮುಂದಿನ ರಜೆಯಲ್ಲಿ ವಿಮಾನ ಹತ್ತುವ ಅವಕಾಶ ಬಂದರೆ ಮಕ್ಕಳೇ, ಮೂರು ಕೆಲಸ ಮಾಡಿ. ಒಂದು, ನಿಮ್ಮ ಸೀಟಿನಿಂದ ತುರ್ತು ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿ, ಹಿಂದಿನ ಬಾಗಿಲಿಗೂ ಎಣಿಸಿ. ಕತ್ತಲೆಯಲ್ಲಿ, ಹೊಗೆಯಲ್ಲಿ ಕೈಯಿಂದ ಸೀಟುಗಳನ್ನು ಮುಟ್ಟಿ ಎಣಿಸಬಹುದು. ಎರಡು, ಬೆಲ್ಟು ಹಾಕುವುದನ್ನು ಗಗನಸಖಿ ತೋರಿಸುವಾಗ ಎಷ್ಟೇ ಸಲ ನೋಡಿದ್ದರೂ ಇನ್ನೊಮ್ಮೆ ನೋಡಿ, ಪಕ್ಕದಲ್ಲಿ ಕೂತ ತಾತನಿಗೂ ನೋಡಲು ಹೇಳಿ. ಮೂರು, ಇಳಿಯುವಾಗ ಬಾಗಿಲಲ್ಲಿ ನಿಂತವರಿಗೆ ಒಂದು ನಮಸ್ಕಾರ ಹೇಳಿ. ಅವಳ ಗಡಿಯಾರದಲ್ಲಿ ಅದು ಯಾವ ಹೊತ್ತೋ, ಅವಳು ಮನೆ ಸೇರಲು ಇನ್ನೆಷ್ಟು ಊರು ದಾಟಬೇಕೋ! ನಿಮ್ಮನ್ನು ಮನೆಗೆ ಮುಟ್ಟಿಸಿದ ಮೇಲೆ ಅವಳೂ ಒಂದು ಒಳ್ಳೆಯ ನಿದ್ದೆ ಮಾಡಲಿ.